ಅತಿಥಿ ಕಾರ್ಮಿಕರ ವೀಸಾ ಕೊಟ್ಟರೆ ಅಕ್ರಮ ವಲಸೆ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ: ಅಮೆರಿಕದ ಅಕ್ರಮ ವಲಸೆಯ ಚರ್ಚೆಯನ್ನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಒಬ್ಬರು ಗಡಿಗೆ ಗೋಡೆ ಕಟ್ಟಿ ಎನ್ನುತ್ತಾರೆ, ಇನ್ನೊಬ್ಬರು ಎಲ್ಲರಿಗೂ ಪೌರತ್ವ ಕೊಡಿ ಎನ್ನುತ್ತಾರೆ. ನನಗೆ ನಡುವಿನ ದಾರಿಯೇ ಸರಿಯೆನಿಸುತ್ತದೆ. ಅಲ್ಲಿ ಕೆಲಸಕ್ಕೆ ಜನ ಬೇಕು, ಇಲ್ಲಿ ಜನರಿಗೆ ಕೆಲಸ ಬೇಕು; ನಿಗದಿತ ಅವಧಿಗೆ ಪರವಾನಗಿ ಕೊಟ್ಟು ಕರೆಸಿಕೊಂಡು, ಅವಧಿ ಮುಗಿದ ಮೇಲೆ ಕಳುಹಿಸಬಹುದಲ್ಲವೇ? ಕಾನೂನಿನ ಬಾಗಿಲು ತೆರೆದಿದ್ದರೆ ಮರುಭೂಮಿಯಲ್ಲಿ ಜೀವ ಪಣಕ್ಕಿಟ್ಟು ಯಾರು ಬರುತ್ತಾರೆ? ಹೀಗೆಂದರೆ ಒಬ್ಬ ಸ್ನೇಹಿತರು 'ಜರ್ಮನಿಯಲ್ಲಿ ಏನಾಯಿತು ನೋಡಿ, ಬಂದವರು ಹೋಗಲೇ ಇಲ್ಲ' ಎಂದರು. ಇನ್ನೊಬ್ಬರು 'ಅದು ಹೊಸ ಹೆಸರಿನ ಜೀತ' ಎಂದರು. ಕೃಷಿಗೆ ಈಗಾಗಲೇ ಸಂಖ್ಯಾಮಿತಿಯೇ ಇಲ್ಲದ ವೀಸಾ ಇದೆಯಂತೆ. ಹಾಗಿದ್ದರೆ ಹೊಲಗಳಲ್ಲಿ ದಾಖಲೆಯಿಲ್ಲದವರು ಇನ್ನೂ ಏಕೆ ಇದ್ದಾರೆ? ಸ್ಥಳೀಯರ ಕೂಲಿ ಕುಸಿಯುತ್ತದೆ ಎನ್ನುವುದು ನಿಜವೇ?

ಉತ್ತರ: ನಿಮ್ಮ ಕಾಳಜಿಯಲ್ಲಿ ಎರಡು ಎಳೆಗಳಿವೆ. ಕಾನೂನನ್ನು ಗೌರವಿಸುವ ದಾರಿ ಬೇಕು, ಬಡವನೊಬ್ಬ ದುಡಿಯಲು ಹೋಗಿ ಸಾಯಬಾರದು. ಎರಡೂ ನ್ಯಾಯವಾದವು. ವಲಸೆ ಕಾರ್ಮಿಕರ ಒಪ್ಪಂದಗಳನ್ನು, ಕೂಲಿ ಬಾಕಿಯ ಮತ್ತು ವೀಸಾದ ತಕರಾರುಗಳನ್ನು ನೋಡುವುದೇ ನನ್ನ ವೃತ್ತಿ. ಆ ಅನುಭವದಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಅತಿಥಿ ಕಾರ್ಮಿಕ ಯೋಜನೆ ಅಕ್ರಮ ಪ್ರವೇಶವನ್ನು ನಿಜಕ್ಕೂ ಕಡಿಮೆ ಮಾಡಬಲ್ಲದು, ಅದಕ್ಕೆ ಇತಿಹಾಸದಲ್ಲಿ ಪುರಾವೆ ಇದೆ. ಆದರೆ ಕಾರ್ಮಿಕನನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ಯೋಜನೆ ತಾನೇ ಅಕ್ರಮ ವಲಸಿಗರನ್ನು ಹುಟ್ಟಿಸುತ್ತದೆ. ಜಗತ್ತಿನ ಬಹುತೇಕ ಯೋಜನೆಗಳು ಈ ಬಗೆಯವೇ.

ಅಮೆರಿಕ ಈ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಒಮ್ಮೆ ಮಾಡಿ ನೋಡಿದೆ. ಎರಡನೇ ಮಹಾಯುದ್ಧದ ನಡುವೆ, 1942ರ ಆಗಸ್ಟ್‌ನಲ್ಲಿ, ಮೆಕ್ಸಿಕೊದೊಂದಿಗೆ ಒಂದು ಒಪ್ಪಂದವಾಯಿತು. ಅದೇ ಬ್ರಸೇರೊ ಯೋಜನೆ. ಯುದ್ಧಕಾಲಕ್ಕೆಂದು ಶುರುವಾದದ್ದು 1964ರ ಕೊನೆಯವರೆಗೆ ನಡೆಯಿತು. ಆ ಅವಧಿಯಲ್ಲಿ ಸುಮಾರು 46 ಲಕ್ಷ ಗುತ್ತಿಗೆಗಳಿಗೆ ಸಹಿ ಬಿತ್ತು. ಒಬ್ಬನೇ ಮತ್ತೆ ಮತ್ತೆ ಬರುತ್ತಿದ್ದುದರಿಂದ ಬಂದವರ ಸಂಖ್ಯೆ ಇದಕ್ಕಿಂತ ಕಡಿಮೆ. ಯೋಜನೆಯ ಪರವಾಗಿ ಮಾತನಾಡುವವರೆಲ್ಲ ತೋರಿಸುವ ಅಂಕಿ ಒಂದಿದೆ: 1954ರಲ್ಲಿ ಅಮೆರಿಕದ ವಲಸೆ ಇಲಾಖೆ ಹತ್ತು ಲಕ್ಷಕ್ಕೂ ಹೆಚ್ಚು ಬಂಧನಗಳನ್ನು ದಾಖಲಿಸಿತ್ತು, 1959ರ ಹೊತ್ತಿಗೆ ಆ ಸಂಖ್ಯೆ ಐವತ್ತು ಸಾವಿರಕ್ಕಿಂತ ಕೆಳಗಿಳಿದಿತ್ತು. ಯೋಜನೆ ನಿಂತ ಮೇಲೆ ಬಂಧನಗಳು ಏರುತ್ತಾ ಹೋಗಿ 1977ರಲ್ಲಿ ಮತ್ತೆ ಹತ್ತು ಲಕ್ಷ ದಾಟಿದವು.

ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. 1954ರಲ್ಲಿ ಸರ್ಕಾರ ಸೇನಾ ಶೈಲಿಯ ದೊಡ್ಡ ಗಡೀಪಾರು ಕಾರ್ಯಾಚರಣೆ ನಡೆಸಿತು. ಅದೇ ಸಮಯದಲ್ಲಿ ಬ್ರಸೇರೊ ಗುತ್ತಿಗೆಗಳನ್ನೂ ಹೆಚ್ಚಿಸಿತು. 1953ರಲ್ಲಿ ಸುಮಾರು ಎರಡು ಲಕ್ಷವಿದ್ದದ್ದು 1956ಕ್ಕೆ ನಾಲ್ಕೂವರೆ ಲಕ್ಷದ ಹತ್ತಿರ ಬಂತು. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದು ಕೈಯಲ್ಲಿ ಗುತ್ತಿಗೆಯ ಪತ್ರ. ಎರಡರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳುವುದು ಕಷ್ಟ. ಇನ್ನೊಂದು ಸಂಗತಿಯನ್ನು ಯೋಜನೆಯ ಅಭಿಮಾನಿಗಳು ಹೇಳುವುದೇ ಇಲ್ಲ. ಯೋಜನೆ ಶುರುವಾಗಿ 1954ರವರೆಗಿನ ಹನ್ನೆರಡು ವರ್ಷ ಕಾನೂನಿನ ವಲಸೆ ಮತ್ತು ಅಕ್ರಮ ವಲಸೆ ಜೊತೆಜೊತೆಯಾಗಿಯೇ ಬೆಳೆದವು. ನೇಮಕಾತಿ ಕೇಂದ್ರಕ್ಕೆ ಹತ್ತು ಜನ ಬಂದರೆ ಒಬ್ಬಿಬ್ಬರಿಗೆ ಗುತ್ತಿಗೆ ಸಿಗುತ್ತಿತ್ತು ಎನ್ನುವಂಥ ಸ್ಥಿತಿ. ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಲಂಚ ಕೊಡಬೇಕಿತ್ತು. ಸಾಲ ಮಾಡಿ ಅಷ್ಟು ದೂರ ಬಂದವನು ಬರಿಗೈಯಲ್ಲಿ ಊರಿಗೆ ಮರಳುತ್ತಾನೆಯೇ? ಅವನು ನದಿ ದಾಟುತ್ತಿದ್ದ. ಆಚೆ ಬದಿಯ ರೈತನಿಗೂ ಅಂಥವನೇ ಅಗ್ಗ. ಟೆಕ್ಸಾಸ್‌ನಲ್ಲಿ ಮೆಕ್ಸಿಕನ್ನರ ಮೇಲೆ ನಡೆಯುತ್ತಿದ್ದ ತಾರತಮ್ಯಕ್ಕೆ ಪ್ರತಿಯಾಗಿ ಮೆಕ್ಸಿಕೊ ಸರ್ಕಾರ ಮೊದಲ ವರ್ಷಗಳಲ್ಲಿ ಆ ರಾಜ್ಯಕ್ಕೆ ಕಾರ್ಮಿಕರನ್ನು ಕಳುಹಿಸಲೇ ಇಲ್ಲ. ಅಲ್ಲಿನ ಜಮೀನುದಾರರು ದಾಖಲೆಯಿಲ್ಲದವರನ್ನೇ ಇಟ್ಟುಕೊಂಡು ಬೆಳೆ ತೆಗೆದರು.

ಇಲ್ಲಿ ಕಾನೂನಿನ ಪಾತ್ರವನ್ನೂ ನೋಡಬೇಕು. 1952ರಲ್ಲಿ ಅಮೆರಿಕದ ಸಂಸತ್ತು ದಾಖಲೆಯಿಲ್ಲದವರಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದು ಘೋಷಿಸಿತು. ಆದರೆ ಅವರಿಗೆ ಕೆಲಸ ಕೊಡುವುದು ಆಶ್ರಯ ಕೊಟ್ಟಂತಾಗುವುದಿಲ್ಲ ಎಂಬ ವಾಕ್ಯವೊಂದನ್ನು ಅದೇ ಕಾನೂನಿಗೆ ಸೇರಿಸಿತು. ಟೆಕ್ಸಾಸ್‌ನ ಜಮೀನುದಾರರ ಒತ್ತಾಯಕ್ಕೆ ಬಂದ ಈ ವಿನಾಯಿತಿ 1986ರವರೆಗೂ ಬದುಕಿತ್ತು. ಬಂದವನು ತಪ್ಪಿತಸ್ಥ, ಕರೆದು ದುಡಿಸಿಕೊಂಡವನು ನಿರಪರಾಧಿ. ಇಂಥ ಏರ್ಪಾಡಿನಲ್ಲಿ ಯಾವ ವೀಸಾ ಯೋಜನೆಯೂ ಅಕ್ರಮವನ್ನು ಪೂರ್ತಿ ತೊಡೆಯಲಾರದು. 1986ರ ಕಾನೂನು ಮಾಲೀಕರಿಗೆ ದಂಡ ತಂದಿತಾದರೂ 'ಗೊತ್ತಿದ್ದೂ' ನೇಮಿಸಿಕೊಂಡರೆ ಮಾತ್ರ ಎಂಬ ಷರತ್ತಿಟ್ಟಿತು. ಕಾರ್ಮಿಕ ತೋರಿಸಿದ ಕಾಗದ ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಸಾಕು, ಮಾಲೀಕ ಪಾರು.

ಈಗ ನಿಮ್ಮ ಎರಡನೇ ಸ್ನೇಹಿತರ ಮಾತಿಗೆ ಬರುತ್ತೇನೆ: ಹೊಸ ಹೆಸರಿನ ಜೀತ. ಬ್ರಸೇರೊಗಳ ಒಪ್ಪಂದ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಪ್ರಚಲಿತ ಕೂಲಿ, ಉಚಿತ ವಸತಿ, ಪ್ರಯಾಣವೆಚ್ಚ ಎಲ್ಲವನ್ನೂ ಬರೆದಿದ್ದರು. ಮೊದಲ ವರ್ಷಗಳಲ್ಲಿ ಕೂಲಿಯ ನೂರಕ್ಕೆ ಹತ್ತು ಭಾಗವನ್ನು ಹಿಡಿದಿಟ್ಟು, ಊರಿಗೆ ಮರಳಿದ ಮೇಲೆ ಕೊಡುವುದಾಗಿ ಹೇಳಿದ್ದರು. ಬಹಳಷ್ಟು ಜನರಿಗೆ ಆ ಹಣ ತಲುಪಲೇ ಇಲ್ಲ. ನ್ಯಾಯಾಲಯದ ವ್ಯಾಜ್ಯದ ನಂತರ ಮೆಕ್ಸಿಕೊ ಸರ್ಕಾರ 2008ರಲ್ಲಿ ಪರಿಹಾರಕ್ಕೆ ಒಪ್ಪುವ ವೇಳೆಗೆ ಆ ಕಾರ್ಮಿಕರಲ್ಲಿ ಅನೇಕರು ತೀರಿಹೋಗಿದ್ದರು. 1963ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚುವಾಲಾರ್ ಬಳಿ, ಬಸ್ಸಿನಂತೆ ಮಾರ್ಪಡಿಸಿದ್ದ ಟ್ರಕ್ಕಿಗೆ ರೈಲು ಬಡಿದು 32 ಕಾರ್ಮಿಕರು ಸತ್ತರು. ಯೋಜನೆಯನ್ನು ನಿಲ್ಲಿಸಬೇಕೆಂಬ ಕೂಗಿಗೆ ಆ ದುರಂತವೂ ಬಲ ಕೊಟ್ಟಿತು.

ಇದೆಲ್ಲ ಹಳೆಯ ಕಾಲದ ಮಾತು ಎಂದು ತಳ್ಳಿಹಾಕುವವರಿಗೆ ನಮ್ಮವರದೇ ಪ್ರಕರಣವನ್ನು ತೋರಿಸುತ್ತೇನೆ. 2005ರ ಕತ್ರಿನಾ ಚಂಡಮಾರುತದ ನಂತರ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಎಚ್-2ಬಿ ಎಂಬ, ಕೃಷಿಯೇತರ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಸುಮಾರು 500 ಭಾರತೀಯ ವೆಲ್ಡರ್‌ಗಳನ್ನೂ ಪೈಪ್ ಫಿಟ್ಟರ್‌ಗಳನ್ನೂ ಕರೆಸಿಕೊಂಡಿತು. ದಲ್ಲಾಳಿಗಳು ಒಬ್ಬೊಬ್ಬರಿಂದ ಹತ್ತು ಸಾವಿರ ಡಾಲರಿಗೂ ಹೆಚ್ಚು ವಸೂಲಿ ಮಾಡಿದ್ದರು, ಖಾಯಂ ನೆಲೆಯ ಹಸಿರು ಕಾರ್ಡ್ ಸಿಗುತ್ತದೆ ಎಂದು ನಂಬಿಸಿದ್ದರು. ಹೋದವರಿಗೆ ಸಿಕ್ಕಿದ್ದು ಕಾವಲಿನ ಶಿಬಿರ. ಒಂದೊಂದು ಟ್ರೇಲರ್‌ನಲ್ಲಿ 24 ಜನ, ಅದಕ್ಕೆ ತಿಂಗಳಿಗೆ ಸಾವಿರ ಡಾಲರಿಗೂ ಮೀರಿದ ಕಡಿತ. ಮಾಲೀಕನನ್ನು ಬಿಟ್ಟರೆ ವೀಸಾ ಹೋಗುತ್ತದೆ, ಊರಿಗೆ ಮರಳಿದರೆ ಸಾಲಗಾರರು ಕಾದಿದ್ದಾರೆ. 2008ರಲ್ಲಿ ನೂರರಷ್ಟು ಜನ ಹೊರನಡೆದು ವಾಷಿಂಗ್ಟನ್‌ವರೆಗೆ ದೂರು ಒಯ್ದರು. 2015ರಲ್ಲಿ ನ್ಯೂ ಆರ್ಲಿಯನ್ಸ್‌ನ ನ್ಯಾಯಾಲಯದ ಜ್ಯೂರಿ ಐವರು ಕಾರ್ಮಿಕರಿಗೆ ಒಟ್ಟು 1.4 ಕೋಟಿ ಡಾಲರ್ ಪರಿಹಾರ ವಿಧಿಸಿತು. ಕಂಪನಿ ದಿವಾಳಿ ಅರ್ಜಿ ಹಾಕಿತು.

ಆ ಶಿಬಿರದಿಂದ ಹೊರಬಂದವರು ಯಾರ ಕಣ್ಣಿಗೂ ಬೀಳದೆ ಗಡಿ ದಾಟಿ ಬಂದವರಲ್ಲ. ಎಲ್ಲ ಕಾಗದಪತ್ರ ಸರಿಯಿದ್ದು, ಕಾನ್ಸುಲೇಟ್‌ನಲ್ಲಿ ಸಂದರ್ಶನ ಕೊಟ್ಟು, ವಿಮಾನದಲ್ಲಿ ಬಂದವರು. ಶಿಬಿರದ ಗೇಟು ದಾಟಿದ ಕ್ಷಣಕ್ಕೆ ಅವರ ವೀಸಾದ ಆಧಾರ ಕುಸಿಯಿತು. ಕಾರ್ಮಿಕನ ನೆಲೆಯ ಪರವಾನಗಿಯನ್ನು ಒಡೆಯನಿಗೆ ಕಟ್ಟಿಹಾಕುವ ಕೊಲ್ಲಿ ರಾಷ್ಟ್ರಗಳ ಕಫಾಲಾ ಪದ್ಧತಿಯಲ್ಲೂ ಇದೇ ಯಂತ್ರ ಕೆಲಸ ಮಾಡುತ್ತದೆ. ಸಂಬಳ ಕೊಡದ ಒಡೆಯನನ್ನು ಬಿಟ್ಟು ಹೋದವನ ಮೇಲೆ 'ಪರಾರಿ' ಎಂಬ ದೂರು ದಾಖಲಾಗುತ್ತದೆ, ಅಂದಿನಿಂದ ಅವನು ಅಕ್ರಮ ನಿವಾಸಿ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಅದು ಸರಿಯಾದ ಹೆಜ್ಜೆ, ಆಚರಣೆಯಲ್ಲಿ ಅಡೆತಡೆಗಳು ಉಳಿದಿದ್ದರೂ ಕೂಡ. ನನ್ನ ಕಚೇರಿಗೆ ಬರುವವರಲ್ಲಿ ಇಂಥವರೇ ಹೆಚ್ಚು. ಅವರು ಕಾನೂನು ಮುರಿಯಲು ಹೊರಟವರಲ್ಲ. ಮೋಸದ ಕೂಲಿಗೆ ದುಡಿಯುವುದು, ಇಲ್ಲವೇ ಕಾನೂನಿನ ಹೊರಗೆ ಬದುಕುವುದು ಎಂಬ ಎರಡೇ ಆಯ್ಕೆಗಳಿದ್ದಾಗ ಎರಡನೆಯದನ್ನು ಆರಿಸಿಕೊಂಡವರು. ಅವರನ್ನು ಅಪರಾಧಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಜರ್ಮನಿಯ ವಿಷಯ. 'ಹೋದವರು ಮರಳಲೇ ಇಲ್ಲ' ಎನ್ನುವುದು ಮಿಥ್ಯೆ. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ, ನಡುವೆ ಮತ್ತು ಆಮೇಲೆ ಇನ್ನೂ ಹಲವು ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. 1973ರ ನವೆಂಬರ್‌ನಲ್ಲಿ ನೇಮಕಾತಿ ನಿಲ್ಲಿಸುವವರೆಗೆ ಸುಮಾರು 1.4 ಕೋಟಿ ಜನ ಬಂದರು, ಅವರಲ್ಲಿ ಸುಮಾರು 1.1 ಕೋಟಿ ಜನ ಮರಳಿದರು. ಉಳಿದವರು ಉಳಿದದ್ದಕ್ಕೂ ಕಾರಣವಿದೆ. ಎರಡು ವರ್ಷಕ್ಕೊಮ್ಮೆ ಜನರನ್ನು ಬದಲಾಯಿಸಬೇಕೆಂಬ ಮೂಲ ನಿಯಮವನ್ನು ಬಿಡಿಸಿದವರು ಕಾರ್ಖಾನೆಯ ಮಾಲೀಕರೇ. ತರಬೇತಿ ಕೊಟ್ಟು ಪಳಗಿಸಿದ ಕೈಗಳನ್ನು ಕಳುಹಿಸಿ ಹೊಸಬರನ್ನು ತರುವುದು ಅವರಿಗೆ ನಷ್ಟ. ಇನ್ನು 1973ರಲ್ಲಿ ಬಾಗಿಲು ಮುಚ್ಚಿದ್ದೇ, 'ಈಗ ಹೋದರೆ ಮತ್ತೆ ಬರಲಾಗದು' ಎಂದು ಹೆದರಿದವರು ಕುಟುಂಬವನ್ನೇ ಕರೆಸಿಕೊಂಡು ನೆಲೆನಿಂತರು.

ಅಮೆರಿಕದಲ್ಲೂ ಇದೇ ನಡೆಯಿತು. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು ದಶಕಗಳ ಕಾಲ ಮೆಕ್ಸಿಕನ್ ವಲಸಿಗರನ್ನು ಅಧ್ಯಯನ ಮಾಡಿ ತೋರಿಸಿದ್ದು ಇದನ್ನೇ. ಹಿಂದೆ ಹಂಗಾಮಿಗೆ ಬಂದು ಹಂಗಾಮು ಮುಗಿದ ಮೇಲೆ ಊರಿಗೆ ಹೋಗುತ್ತಿದ್ದವರು, 1990ರ ದಶಕದಲ್ಲಿ ಸ್ಯಾನ್ ಡಿಯಾಗೊ, ಎಲ್ ಪಾಸೊಗಳಲ್ಲಿ ಗಡಿ ಬಿಗಿಯಾದ ಮೇಲೆ ಹೋಗುವುದನ್ನೇ ನಿಲ್ಲಿಸಿದರು. ದಾಟಿಸುವ ದಲ್ಲಾಳಿಯ ದರ ಏರಿತು, ದಾರಿ ಅರಿಜೋನಾದ ಮರುಭೂಮಿಗೆ ತಿರುಗಿತು. ಅಷ್ಟು ದುಡ್ಡು ಸುರಿದು, ಅಷ್ಟು ಅಪಾಯ ಎದುರಿಸಿ ಬಂದವನು ಪ್ರತಿವರ್ಷ ಮತ್ತೆ ಅದೇ ಸಾಹಸಕ್ಕಿಳಿಯುವುದಿಲ್ಲ. ಹಾಗಾಗಿ ಗಡಿಯನ್ನು ಬಿಗಿ ಮಾಡಿದರೆ ಸಾಕು ಎನ್ನುವವರಿಗೂ, ಅವಧಿ ಮುಗಿದೊಡನೆ ಎಲ್ಲರೂ ಹೊರಡುತ್ತಾರೆ ಎನ್ನುವವರಿಗೂ ನಾನು ಒಂದೇ ಮಾತು ಹೇಳುವುದು: ಮತ್ತೆ ಬರಬಹುದು ಎಂಬ ಭರವಸೆ ಇದ್ದವನು ಮಾತ್ರ ನಿಶ್ಚಿಂತೆಯಿಂದ ಹೊರಡುತ್ತಾನೆ.

ಆ ಭರವಸೆಯ ಮೇಲೇ ನಿಂತ ಯೋಜನೆಗಳಿವೆ. ಕೆನಡಾ 1966ರಲ್ಲಿ ಜಮೈಕಾದೊಂದಿಗೆ, 1974ರಲ್ಲಿ ಮೆಕ್ಸಿಕೊದೊಂದಿಗೆ ಶುರುಮಾಡಿದ ಹಂಗಾಮಿ ಕೃಷಿ ಯೋಜನೆಯಲ್ಲಿ ವರ್ಷಕ್ಕೆ ಗರಿಷ್ಠ ಎಂಟು ತಿಂಗಳ ದುಡಿಮೆ, ಬಹುತೇಕ ಎಲ್ಲರೂ ಮರಳುತ್ತಾರೆ. ನ್ಯೂಜಿಲೆಂಡ್ 2007ರಿಂದ ಪೆಸಿಫಿಕ್ ದ್ವೀಪಗಳ ಜನರನ್ನು ತೋಟಗಳಿಗೆ ಕರೆಸಿಕೊಳ್ಳುತ್ತಿದೆ. ಅಲ್ಲಿ ಮಾಲೀಕನೇ ಅರ್ಧ ವಿಮಾನ ದರ ಕೊಡಬೇಕು. ಕಾರ್ಮಿಕ ಅವಧಿ ಮೀರಿ ತಲೆಮರೆಸಿಕೊಂಡರೆ ಅವನನ್ನು ಮರಳಿ ಕಳುಹಿಸುವ ಖರ್ಚಿನಲ್ಲೂ ಪಾಲು ಹೊರಬೇಕು. ಅವಧಿ ಮೀರಿ ಉಳಿದವರು ಅತಿ ಕಡಿಮೆ. ಟೋಂಗಾ ಮತ್ತು ವನುವಾಟುಗಳಲ್ಲಿ ನಡೆದ ಅಧ್ಯಯನದಲ್ಲಿ, ಭಾಗವಹಿಸಿದ ಕುಟುಂಬಗಳ ತಲಾ ಆದಾಯ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಏರಿದ್ದು ಕಂಡುಬಂದಿತು. ಬಡತನದ ವಿರುದ್ಧ ಇಷ್ಟು ಫಲ ಕೊಡುವ ಸರ್ಕಾರಿ ಕಾರ್ಯಕ್ರಮಗಳು ಅಪರೂಪ. ಅದನ್ನು ನಾನು ಲಘುವಾಗಿ ತಳ್ಳಿಹಾಕಲಾರೆ.

ಆದರೆ ಈ ಯೋಜನೆಗಳಿಗೂ ಇನ್ನೊಂದು ಮುಖವಿದೆ. ಮುಂದಿನ ವರ್ಷ ಯಾರನ್ನು ಕರೆಯಬೇಕೆಂದು ಮಾಲೀಕ ಹೆಸರು ಹಿಡಿದು ಹೇಳಬಹುದು. ಆ ಪಟ್ಟಿಯಿಂದ ಹೆಸರು ಬಿಟ್ಟುಹೋಗುವ ಭಯದಲ್ಲಿ ಕಾರ್ಮಿಕ ಬೆನ್ನುನೋವನ್ನು ಹೇಳುವುದಿಲ್ಲ, ಕೀಟನಾಶಕದಿಂದ ಕೈ ಸುಟ್ಟದ್ದನ್ನು ತೋರಿಸುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಒಂದೇ ತೋಟಕ್ಕೆ ಹೋಗಿಬರುತ್ತಾ, ಮಕ್ಕಳು ಬೆಳೆದದ್ದನ್ನು ಫೋನಿನಲ್ಲೇ ಕೇಳಿದವರಿದ್ದಾರೆ. ಅಷ್ಟು ವರ್ಷ ದುಡಿದರೂ ಈ ಯೋಜನೆಯೊಳಗೆ ಖಾಯಂ ನೆಲೆಗೆ ದಾರಿಯಿಲ್ಲ. ಇಲ್ಲಿ ಅಕ್ರಮ ವಲಸೆ ಇಲ್ಲ, ಒಪ್ಪುತ್ತೇನೆ. ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಪೂರ್ತಿ ಕಾರ್ಮಿಕನ ಲೆಕ್ಕಕ್ಕೇ ಬರೆದಿದ್ದಾರೆ.

ದಕ್ಷಿಣ ಕೊರಿಯಾದ ಪ್ರಯೋಗದಿಂದ ಬೇರೊಂದು ಪಾಠವಿದೆ. 1990ರ ದಶಕದಲ್ಲಿ ಅದು ವಿದೇಶೀಯರನ್ನು 'ತರಬೇತಿಯವರು' ಎಂಬ ಹೆಸರಿನಲ್ಲಿ ಕಡಿಮೆ ಸಂಬಳಕ್ಕೆ ಕರೆಸಿತು. ಅವರು ದಂಡುದಂಡಾಗಿ ಕಾರ್ಖಾನೆಗಳಿಂದ ಓಡಿಹೋದರು. 2000ದ ದಶಕದ ಆರಂಭಕ್ಕೆ ಅಲ್ಲಿದ್ದ ವಿದೇಶಿ ಕಾರ್ಮಿಕರಲ್ಲಿ ಬಹುಪಾಲು ದಾಖಲೆಯಿಲ್ಲದವರೇ. 2004ರಲ್ಲಿ ಸರ್ಕಾರ ಖಾಸಗಿ ದಲ್ಲಾಳಿಗಳನ್ನು ಹೊರಗಿಟ್ಟು, ದೇಶ ದೇಶಗಳ ನಡುವೆ ನೇರ ಒಪ್ಪಂದದ ಉದ್ಯೋಗ ಪರವಾನಗಿ ಪದ್ಧತಿ ತಂದು, ಸ್ಥಳೀಯರಿಗಿರುವ ಕನಿಷ್ಠ ವೇತನವನ್ನೇ ಅವರಿಗೂ ಅನ್ವಯಿಸಿತು. ಹೋಗಲು ತಗಲುವ ವೆಚ್ಚ ಮೂರು ಸಾವಿರ ಡಾಲರಿಗೂ ಹೆಚ್ಚಿದ್ದದ್ದು ಸಾವಿರದ ಆಸುಪಾಸಿಗೆ ಇಳಿಯಿತು. ದಾಖಲೆಯಿಲ್ಲದವರ ಪಾಲೂ ಇಳಿಯಿತು. ಸಾಲ ಕಡಿಮೆಯಿದ್ದವನಿಗೆ ಓಡಿಹೋಗುವ ಒತ್ತಡ ಕಡಿಮೆ, ಇದು ನಾನು ಪ್ರತಿದಿನ ಕಾಣುವ ಸತ್ಯ. ಹಾಗೆಂದು ಕೊರಿಯಾವೂ ನಿರ್ಮಲವಲ್ಲ. ಅಲ್ಲಿ ಒಂದು ಸರದಿಯ ಅವಧಿ ನಾಲ್ಕು ವರ್ಷ ಹತ್ತು ತಿಂಗಳು. ಐದು ವರ್ಷ ತುಂಬಿದರೆ ಖಾಯಂ ನೆಲೆ ಕೇಳುವ ಅವಕಾಶ ಹುಟ್ಟಬಹುದು, ಅದಕ್ಕೇ ಎರಡು ತಿಂಗಳು ಮೊದಲು ಬಾಗಿಲು ತೋರಿಸುತ್ತಾರೆ. ಕೆಲಸ ಬದಲಿಸುವ ಸ್ವಾತಂತ್ರ್ಯವೂ ಬಿಗಿ ಮಿತಿಯೊಳಗಿದೆ.

ಮಿತಿಯಿಲ್ಲದ ವೀಸಾ ಇದ್ದರೂ ಹೊಲಗಳಲ್ಲಿ ದಾಖಲೆಯಿಲ್ಲದವರು ಏಕೆ ಎಂದು ಕೇಳಿದ್ದೀರಿ. ನೀವು ಹೇಳುವುದು ಎಚ್-2ಎ ವೀಸಾವನ್ನು. ಅದಕ್ಕೆ ಸಂಖ್ಯಾಮಿತಿ ಇಲ್ಲ ಎನ್ನುವುದು ನಿಜ, ಅದು ಬೆಳೆಯುತ್ತಲೂ ಇದೆ. 2005ರಲ್ಲಿ ಮಂಜೂರಾದ ಹುದ್ದೆಗಳು ಐವತ್ತು ಸಾವಿರದೊಳಗಿದ್ದವು, 2023ರಲ್ಲಿ ಮೂರು ಲಕ್ಷ ಎಪ್ಪತ್ತು ಸಾವಿರ ದಾಟಿದವು. ಆದರೂ ಬೆಳೆ ಕೆಲಸಗಾರರಲ್ಲಿ ನೂರಕ್ಕೆ ಸುಮಾರು ನಲವತ್ತು ಜನ ದಾಖಲೆಯಿಲ್ಲದವರು ಎಂದು ಅಮೆರಿಕದ ಕಾರ್ಮಿಕ ಇಲಾಖೆಯ ಸಮೀಕ್ಷೆಗಳು ಹೇಳುತ್ತವೆ. ಒಂದು ಕಾರಣ, ಇದು ಹಂಗಾಮಿ ಕೆಲಸಕ್ಕೆ ಮಾತ್ರ. ಹಸುವಿಗೆ ಹಂಗಾಮಿಲ್ಲ, ಆದ್ದರಿಂದ ವರ್ಷವಿಡೀ ಹಾಲು ಕರೆಯುವ ಡೇರಿಗೆ ಈ ವೀಸಾ ಸಿಗುವುದಿಲ್ಲ. ಇನ್ನೊಂದು, ಎಚ್-2ಎ ಮಾಲೀಕ ವಸತಿ ಕೊಡಬೇಕು, ಪ್ರಯಾಣವೆಚ್ಚ ಕೊಡಬೇಕು, ಸರ್ಕಾರ ಗೊತ್ತುಮಾಡಿದ ಹೆಚ್ಚಿನ ಕೂಲಿ ಕೊಡಬೇಕು. ಈಗಾಗಲೇ ಊರಲ್ಲೇ ಇರುವ, ದೂರು ಕೊಡಲಾರದ ಮನುಷ್ಯ ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಏಕೆ ಎಂದು ಮಾಲೀಕ ಯೋಚಿಸುತ್ತಾನೆ. ಕೃಷಿಯ ಹೊರಗಂತೂ ಬಾಗಿಲು ಬಹಳ ಕಿರಿದು. ಎಚ್-2ಬಿಗೆ ಕಾನೂನಿನಲ್ಲಿರುವ ವಾರ್ಷಿಕ ಮಿತಿ 66,000, ಅದೂ ತಾತ್ಕಾಲಿಕ ಕೆಲಸಕ್ಕೆ. ಹೆಚ್ಚಿನ ಕೌಶಲ ಬೇಡದ ಕೆಲಸಗಳ ಹಸಿರು ಕಾರ್ಡ್ ಇಡೀ ಜಗತ್ತಿಗೆ ವರ್ಷಕ್ಕೆ ಹೆಚ್ಚೆಂದರೆ 10,000, ಕುಟುಂಬದವರೂ ಸೇರಿ. ಹೋಟೆಲಿನ ಅಡುಗೆಮನೆಯಲ್ಲಿ, ಕಟ್ಟಡದ ಮೇಲೆ, ಮಾಂಸದ ಕಾರ್ಖಾನೆಯಲ್ಲಿ ವರ್ಷವಿಡೀ ದುಡಿಯುವವನಿಗೆ 'ಸರದಿಯಲ್ಲಿ ಬಾ' ಎಂದರೆ, ಅವನು ನಿಲ್ಲಬಹುದಾದ ಸರದಿಯೇ ಇಲ್ಲ ಎನ್ನಬಹುದು.

ಕಾಗದದ ರಕ್ಷಣೆ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಜಾರ್ಜಿಯಾ ರಾಜ್ಯದ ಈರುಳ್ಳಿ ಹೊಲಗಳನ್ನು ನೋಡಿ. 2021ರಲ್ಲಿ ಅಲ್ಲಿ 24 ಜನರ ಮೇಲೆ ದಾಖಲಾದ ಆರೋಪಪಟ್ಟಿಯ ಪ್ರಕಾರ, ಎಚ್-2ಎ ವೀಸಾದಲ್ಲಿ ಬಂದವರಿಂದ ಬರಿಗೈಯಲ್ಲಿ ಈರುಳ್ಳಿ ಅಗೆಸಿ ಬುಟ್ಟಿಗೆ 20 ಸೆಂಟ್ ಕೊಟ್ಟಿದ್ದರು, ಬಂದೂಕು ತೋರಿಸಿ ಹೆದರಿಸಿದ್ದರು. ಕನಿಷ್ಠ ಇಬ್ಬರು ಸತ್ತಿದ್ದರು. ಈ ವೀಸಾದ ನಿಯಮಪುಸ್ತಕ ಚಿಕ್ಕದಲ್ಲ, ಆದರೆ ಪ್ರತಿ ಹೊಲಕ್ಕೂ ಇನ್‌ಸ್ಪೆಕ್ಟರ್ ಹೋಗಲಾರ. ತನ್ನ ಕಾಲಮೇಲೆ ತಾನು ಎದ್ದು ಬೇರೆ ಹೊಲಕ್ಕೆ ಹೋಗುವ ಹಕ್ಕಿದ್ದರೆ ಕಾರ್ಮಿಕನೇ ತನ್ನ ಇನ್‌ಸ್ಪೆಕ್ಟರ್.

ಸ್ಥಳೀಯರ ಕೂಲಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬ್ರಸೇರೊ ನಿಂತರೆ ಅಮೆರಿಕನ್ನರ ಕೃಷಿ ಕೂಲಿ ಏರುತ್ತದೆಂದು ಆಗ ನಂಬಿದ್ದರು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗಾದದ್ದು ಕಾಣಲಿಲ್ಲ. ಜಮೀನುದಾರರು ಟೊಮೆಟೊ ಕೊಯ್ಯುವ ಯಂತ್ರ ತಂದರು, ಕೆಲವು ಬೆಳೆಗಳನ್ನೇ ಕಡಿಮೆ ಮಾಡಿದರು. ಆದರೆ ಸೀಸರ್ ಚಾವೆಜ್ ಅವರಂಥ ಕೃಷಿ ಕಾರ್ಮಿಕ ಸಂಘಟಕರ ಅಳಲೂ ಸುಳ್ಳಾಗಿರಲಿಲ್ಲ. ಮುಷ್ಕರ ಮುರಿಯಲು ಕಟ್ಟಿಹಾಕಿದ ಕಾರ್ಮಿಕರು ಕೈಗೆ ಸಿಗುತ್ತಿದ್ದಾಗ ಸಂಘ ಕಟ್ಟುವುದು ಕಷ್ಟವಿತ್ತು, 1965ರ ಕ್ಯಾಲಿಫೋರ್ನಿಯಾದ ಡೆಲಾನೊ ದ್ರಾಕ್ಷಿ ಮುಷ್ಕರ ಯೋಜನೆ ನಿಂತ ಮರುವರ್ಷವೇ ಎದ್ದಿತು. ಹೊರಗಿನವನು ಬಂದದ್ದರಿಂದ ಸ್ಥಳೀಯನಿಗೆ ಆಗುವ ಕೇಡಿಗಿಂತ, ಬಂದವನು ಬಾಯಿ ಬಿಡಲಾರದ ಸ್ಥಿತಿಯಲ್ಲಿರುವುದರಿಂದ ಆಗುವ ಕೇಡು ದೊಡ್ಡದು ಎಂಬುದು ನನ್ನ ತಿಳಿವಳಿಕೆ.

ಹಾಗಾದರೆ ಮಾಡಬಹುದಾದದ್ದೇನು? ಈಗಿನ ವೀಸಾಗಳನ್ನೇ ಹಿಗ್ಗಿಸುವುದು ರಾಜಕೀಯವಾಗಿ ಸುಲಭ, ಮಾಲೀಕರಿಗೂ ಇಷ್ಟ. ಆದರೆ ದಲ್ಲಾಳಿ, ಸಾಲ, ಪರಾರಿ ಎಲ್ಲವೂ ಅದರೊಂದಿಗೇ ಹಿಗ್ಗುತ್ತವೆ. ಒಂದು ಉದ್ಯಮದೊಳಗೆ ಯಾವ ಮಾಲೀಕನ ಬಳಿಗಾದರೂ ಹೋಗಬಹುದಾದ ವೀಸಾ ಕೊಡುವುದು ನನ್ನ ಮೊದಲ ಆಯ್ಕೆ. ಪ್ರಯಾಣಕ್ಕೆ ಖರ್ಚು ಮಾಡಿದ ಮಾಲೀಕ 'ಮೊದಲ ವಾರವೇ ಬಿಟ್ಟುಹೋದರೆ ನನ್ನ ಗತಿಯೇನು' ಎಂದು ಕೇಳುತ್ತಾನೆ, ಅದು ನ್ಯಾಯವಾದ ಪ್ರಶ್ನೆ. ಆ ಖರ್ಚನ್ನು ಉದ್ಯಮವೆಲ್ಲ ಸೇರಿ ಒಂದು ನಿಧಿಯಿಂದ ಭರಿಸುವ ಏರ್ಪಾಡು ಬೇಕಾಗುತ್ತದೆ. ನೇಮಕಾತಿಯನ್ನು ಸರ್ಕಾರಗಳೇ ಕೈಗೆತ್ತಿಕೊಂಡರೆ ಸಾಲದ ಹೊರೆ ಇಳಿಯುತ್ತದೆ. ಅಲ್ಲಿ ಲಂಚ ಮತ್ತು ವಿಳಂಬದ ಅಪಾಯವಿದೆ, ಬ್ರಸೇರೊ ಕಾಲದ ಲಂಚ ಸರ್ಕಾರಿ ಕೇಂದ್ರಗಳಲ್ಲೇ ನಡೆದದ್ದು. ಕೆಲಸದ ಸ್ಥಳದಲ್ಲಿ ಕಟ್ಟುನಿಟ್ಟಿನ ತಪಾಸಣೆ ಇಲ್ಲದೆ ಇವೆಲ್ಲ ನಿಲ್ಲುವುದಿಲ್ಲ. ಆದರೆ ಕಾನೂನಿನ ಬಾಗಿಲು ತೆರೆಯುವ ಮೊದಲೇ ಅದನ್ನು ತಂದರೆ ಜನ ಇನ್ನೂ ಆಳದ ಕತ್ತಲೆಗೆ ಇಳಿಯುತ್ತಾರೆ.

ಈಗಾಗಲೇ ನೆಲೆಸಿರುವವರಿಗೆ ಅತಿಥಿ ವೀಸಾ ಉತ್ತರವೇ ಅಲ್ಲ. ಅಮೆರಿಕದಲ್ಲಿ ದಾಖಲೆಯಿಲ್ಲದೆ ಇರುವವರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಬಹಳಷ್ಟು ಜನ ದಶಕಕ್ಕೂ ಮಿಗಿಲಾಗಿ ಅಲ್ಲಿದ್ದಾರೆ, ಅಲ್ಲೇ ಹುಟ್ಟಿದ ಅವರ ಮಕ್ಕಳು ಹುಟ್ಟಿನಿಂದ ಅಮೆರಿಕದ ಪ್ರಜೆಗಳು. ಅವರಿಗೆ 'ಮೂರು ವರ್ಷದ ಅತಿಥಿಯಾಗು, ಆಮೇಲೆ ಹೊರಡು' ಎಂದರೆ ಯಾರು ಹೆಸರು ನೋಂದಾಯಿಸುತ್ತಾರೆ? ವೆನೆಜುವೆಲಾದಂಥ ದೇಶಗಳಿಂದ ಆಶ್ರಯ ಕೋರಿ ಬರುವವರಿಗೂ ಇದು ಹೊಂದುವುದಿಲ್ಲ. ಹೊಲದ ಕೆಲಸಕ್ಕೆಂದು ಅವರು ಮನೆ ಬಿಟ್ಟಿಲ್ಲ, ಮರಳಿ ಹೋಗುವ ಊರು ಅವರಿಗೆ ಸುರಕ್ಷಿತವೂ ಅಲ್ಲ.

ನೀವು ಹುಡುಕುತ್ತಿರುವ ನಡುವಿನ ದಾರಿಗೆ ತೀರ ಹತ್ತಿರ ಬಂದದ್ದು 2013ರಲ್ಲಿ ಸೆನೆಟ್ 68-32 ಮತಗಳಿಂದ ಒಪ್ಪಿದ ಮಸೂದೆ. ನೆಲೆಸಿದವರಿಗೆ ದೀರ್ಘ ಷರತ್ತುಗಳ ಪೌರತ್ವದ ದಾರಿ, ಎಲ್ಲ ಮಾಲೀಕರಿಗೂ ಕಡ್ಡಾಯ ದಾಖಲೆ ಪರಿಶೀಲನೆ, ಹೊಸಬರಿಗೆ ನೋಂದಾಯಿತ ಮಾಲೀಕರ ನಡುವೆ ಬದಲಾಗಬಹುದಾದ ವೀಸಾ, ಮೂರೂ ಅದರಲ್ಲಿದ್ದವು. ಕೃಷಿಯೇತರ ಕೆಲಸಗಳಿಗೆ ಮೊದಲ ವರ್ಷ 20,000 ವೀಸಾ ಎಂದಿದ್ದದ್ದು ಬೇಡಿಕೆಗೆ ತೀರ ಕಡಿಮೆ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಕೆಳಮನೆ ಅದನ್ನು ಮತಕ್ಕೆ ಹಾಕಲೇ ಇಲ್ಲ. ಹೊಸ ಮಸೂದೆ ಬಂದಾಗ ಅದರಲ್ಲಿ ಎಷ್ಟು ಲಕ್ಷ ವೀಸಾ ಎಂಬುದಕ್ಕಿಂತ ಮೊದಲು, ಕೂಲಿ ಕೊಡದ ಮಾಲೀಕನನ್ನು ಬಿಟ್ಟ ಕಾರ್ಮಿಕನಿಗೆ ಮರುದಿನ ಏನಾಗುತ್ತದೆ ಎಂದು ಬರೆದಿರುವ ಕಲಮನ್ನು ಹುಡುಕಿ ಓದಿ.